ಬಣ್ಣ ಬಿಡುವ ಕುದುರೆಗಳು

ಆ ಕಾಲದಲ್ಲಿ ನಮ್ಮ ಚನ್ನಪಟ್ಟಣದಲ್ಲಿ ಯಾರಾದರೂ "ಪಾರ್ಕಿಗೆ ಹೋಗಿದ್ವಿ" ಅಂದರೆ ಯಾವ ಪಾರ್ಕು ಅಂತ ಯಾರೂ ಕೇಳುತ್ತಿರಲಿಲ್ಲ. ಇದ್ದದ್ದೇ ಒಂದು. ಹೆದ್ದಾರಿಯ ಪಕ್ಕ, ದೂರದಲ್ಲಿ ರಾಮನಗರದ ಬಂಡೆಗಳು ಕಾಣುವ ಕಡೆ. ಗೇಟಿನ ಮೇಲೆ ಸಿಮೆಂಟಿನ ಡೈನೋಸಾರ್ ಒಂದು ನಿಂತಿತ್ತು. ಅದರ ಬಾಲಕ್ಕೆ ಮೋಟರ್ ಇಟ್ಟಿದ್ದರು. ಬಾಲ ಅಲ್ಲಾಡಿದ್ದನ್ನು ನೋಡಿದವರು ನಮ್ಮ ಬೀದಿಯಲ್ಲಿ ಇಬ್ಬರೋ ಮೂವರೋ. ಉಳಿದವರೆಲ್ಲ ನೋಡಿದೆವು ಅಂತ ಸುಳ್ಳು ಹೇಳುತ್ತಿದ್ದೆವು, ನಾನೂ ಸೇರಿ.

ಒಳಗೆ ಹೋದರೆ ಏನಿರಲಿಲ್ಲ! ಅಲೆ ಏಳುವ ಕೊಳ. ಅಲೆ ಬರುವ ಮುಂಚೆ ಸೈರನ್ ಕೂಗುತ್ತಿತ್ತು, ಅದು ಕೂಗಿದ ಕೂಡಲೇ ಈಜು ಬಾರದ ಗಂಡಸರೆಲ್ಲ ಹೆಂಡಿರ ಕೈ ಬಿಟ್ಟು ಮೆಟ್ಟಿಲ ಕಡೆ ಓಡುತ್ತಿದ್ದರು. ಡೊಂಕು ಕನ್ನಡಿಗಳ ಮನೆ. ಭೂತದ ಮನೆಯಲ್ಲಿ ಕುದೂರಿನ ಕಡೆಯವನೊಬ್ಬ ಕರಿ ಕಂಬಳಿ ಹೊದ್ದು ಕಿರುಚುತ್ತಿದ್ದ. ಸದಾ ಎಲೆ ಅಡಿಕೆ ಜಗಿಯುತ್ತಿದ್ದವನಾದ್ದರಿಂದ ಬಾಯಿಗೆ ಬೇರೆ ಬಣ್ಣ ಬೇಕಿರಲಿಲ್ಲ. ಕೊಳದ ನೀರಿಗೆ ಹಾಕುವ ಮದ್ದಿನ ಘಾಟು, ಮಸಾಲೆ ಮಂಡಕ್ಕಿಯ ಈರುಳ್ಳಿ, ಬೊಂಬಾಯಿ ಮಿಠಾಯಿಯ ಸುಟ್ಟ ಸಕ್ಕರೆ, ಎಲ್ಲ ಸೇರಿದ ಒಂದು ವಾಸನೆಯಿತ್ತು. ಈಗಲೂ ಎಲ್ಲಾದರೂ ಬ್ಲೀಚಿಂಗ್ ಪೌಡರ್ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ನಗಬೇಡಿ, ನಿಜ.

ಆ ಪಾರ್ಕಿಗೆ ನಮ್ಮಪ್ಪ ಹನ್ನೆರಡು ಕುದುರೆ ಮಾಡಿಕೊಟ್ಟಿದ್ದ.

ಅಪ್ಪ ಬಣ್ಣದ ಗೊಂಬೆ ಮಾಡುವವನು. ಹೆದ್ದಾರಿಯ ಅಂಗಡಿಯೊಂದರಲ್ಲಿ ಅಪ್ಪನ ಗೇಣುದ್ದದ ಕುದುರೆ ನೋಡಿದ ಪಾರ್ಕಿನ ಮ್ಯಾನೇಜರು ಹುಡುಕಿಕೊಂಡು ನಮ್ಮ ಮನೆಗೇ ಬಂದ. "ಇದನ್ನೇ ಮಕ್ಕಳು ಕೂರೋ ಹಾಗೆ ದೊಡ್ಡದು ಮಾಡಿಕೊಡ್ತೀರಾ? ತಿರುಗೋ ಚಕ್ರಕ್ಕೆ ಕಟ್ಟಬೇಕು" ಅಂದ. ಅಪ್ಪ ಕೈ ಒರೆಸಿಕೊಂಡು ಎದ್ದ. ಆಮೇಲೆ ಅಮ್ಮನ ಕಡೆ ತಿರುಗಿ, "ಕಾಫಿ ಕೊಡಮ್ಮಿ ಸಾಹೇಬ್ರಿಗೆ" ಅಂದ. ಅದೇ ಅವನ ಒಪ್ಪಿಗೆ.

ನಮ್ಮ ಗೊಂಬೆಗಳನ್ನು ನೋಡಿದವರಿಗೆ ಗೊತ್ತು, ಎಲ್ಲವೂ ಗುಂಡು. ಮರವನ್ನು ಲೇತಿನಲ್ಲಿ ತಿರುಗಿಸಿ ಕಡೆಯುವುದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡಿಯುವುದು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಹಾಗಾಗಿ ಅಪ್ಪನ ದೊಡ್ಡ ಕುದುರೆಗಳೂ ಗುಂಡಗೇ ಆದವು. ಪೀಪಾಯಿಯಂಥ ಹೊಟ್ಟೆ, ಲಟ್ಟಣಿಗೆಯಂಥ ಕಾಲು. ಹಿಂದಿನ ಬೀದಿಯ ಬಾಷಾ ಮಾಮನ ದೊಡ್ಡ ಲೇತಿನಲ್ಲಿ ಮೂರು ತಿಂಗಳು ಕೆಲಸ ನಡೆಯಿತು. ಅಪ್ಪನ ರೆಪ್ಪೆಯ ಮೇಲೂ ಮರದ ಪುಡಿ ಕೂತಿರುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗೊಂಬೆ ಮುಗಿದ ಮೇಲೆ ಅಪ್ಪ ಅದನ್ನು ನಾಲಿಗೆಯಿಂದ ನೆಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡುತ್ತಿದ್ದ. ಬಟ್ಟೆಗೆ ಬಣ್ಣ ಹತ್ತಿದರೆ ಆ ಗೊಂಬೆ ಮನೆ ಬಿಡುವ ಹಾಗಿಲ್ಲ. ಅವನ ತಾತನೂ ಹಾಗೇ ಮಾಡುತ್ತಿದ್ದನಂತೆ. ಹನ್ನೆರಡು ಕುದುರೆಗಳಿಗೂ ಅದೇ ಪರೀಕ್ಷೆ. ಬಗ್ಗಿ ಬಗ್ಗಿ ಒಂದೊಂದರ ಕಿವಿ, ಬೆನ್ನು ನೆಕ್ಕುತ್ತಿದ್ದ ಅಪ್ಪನನ್ನು ನೋಡಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಥೂ, ಯಾರಾದ್ರೂ ನೋಡಿದ್ರೆ ಹುಚ್ಚು ಹಿಡಿದೈತೆ ಅಂತಾರೆ ಕಣ್ರೀ."

"ಅನ್ಕೊಳ್ಲಿ ಬುಡು. ಮಕ್ಕಳ ಜೊಲ್ಲಿಗೆ ತಡೆದ್ರೆ ಇನ್ಯಾವ್ದುಕ್ಕೂ ತಡೀತದೆ."

ನಾನು ಆ ವರ್ಷ ಹೊಸದಾಗಿ ರಾಮನಗರದ ಹೆಣ್ಣುಮಕ್ಕಳ ಸ್ಕೂಲಿಗೆ ಸೇರಿದ್ದೆ. ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ಯಾರಿಗೂ ನನ್ನ ಗುರುತಿಲ್ಲ, ಯಾರೂ ನಮ್ಮಪ್ಪನನ್ನು ನೋಡಿಲ್ಲ. ಕೊಚ್ಚಿಕೊಳ್ಳಲು ಇನ್ನೇನು ಬೇಕು? "ಪಾರ್ಕಿನ ಕುದುರೆ ಮಾಡಿರೋದು ನಮ್ಮಪ್ಪ" ಅಂತ ಕಂಡಕಂಡವರಿಗೆಲ್ಲ ಹೇಳಿದೆ. ಶಿವರಾತ್ರಿ ಕಳೆದ ಮೇಲೊಂದು ಶನಿವಾರ ಪಾರ್ಕಿಗೇ ಸ್ಕೂಲ್ ಟ್ರಿಪ್ ಅಂತಾದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನಲ್ಲಿ ನನಗೆ ಮುಂದಿನ ಸೀಟು ಬಿಟ್ಟುಕೊಟ್ಟರು. ನನ್ನ ಗೆಳತಿ ನಸೀಮಾ, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರ ಮನೆಯ ಹುಡುಗಿ, ತನ್ನ ಟಿಫನ್ ಡಬ್ಬಿಯ ಖೀಮಾ ಸಮೋಸವನ್ನು ಪೂರ್ತಿ ನನಗೇ ಕೊಟ್ಟಳು.

ಹುಡುಗಿಯರು ಕೊಳದಲ್ಲಿ ಮೊಣಕಾಲವರೆಗೆ ಮಾತ್ರ ಇಳಿಯಬೇಕು ಅಂತ ಶೈಲಾ ಮಿಸ್ ಆಜ್ಞೆ ಮಾಡಿದ್ದರು. ಆದರೆ ಅಲೆ ಮಿಸ್ಸಿನ ಮಾತು ಕೇಳುತ್ತದೆಯೇ? ಎಲ್ಲರೂ ತೊಯ್ದು ತೊಪ್ಪೆಯಾದೆವು. ಅದೇ ಒದ್ದೆ ಬಟ್ಟೆಯಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ, ನೇರ ಅಪ್ಪನ ಕುದುರೆಗಳ ಹತ್ತಿರ ಓಡಿದೆವು. ನಾನು ಕೆಂಪು ಕುದುರೆ ಹಿಡಿದೆ. ಚಕ್ರ ಎರಡು ಸಲ ತಿರುಗಿ ನಿಂತಿತು. ಇಳಿದೆವು.

"ಅಯ್ಯೋ ದೇವರೇ!" ಅಂತ ಮಿಸ್ ಕಿರುಚಿದರು.

ಶನಿವಾರದ ಬಿಳಿ ಯೂನಿಫಾರ್ಮ್ ನಮ್ಮದು. ಎಲ್ಲರ ಲಂಗದ ಹಿಂಭಾಗವೂ ಬಣ್ಣ. ಹಳದಿ ಕುದುರೆಯವಳಿಗೆ ಹಳದಿ, ಹಸಿರಿನವಳಿಗೆ ಹಸಿರು. ಜೊಲ್ಲಿಗೆ ತಡೆದ ಅರಗು ಆ ಮದ್ದಿನ ನೀರಿಗೂ ಬಿಸಿಲಿಗೂ ತಡೆದಿರಲಿಲ್ಲ. ಸಾವಿರಾರು ಮಕ್ಕಳು ಬಾಯಿಗಿಟ್ಟುಕೊಳ್ಳುವ ಗೊಂಬೆ ಮಾಡಿದವನಿಗೆ, ಮಕ್ಕಳು ಒದ್ದೆ ಲಂಗದಲ್ಲಿ ಬಂದು ಕೂರುತ್ತಾರೆ ಅಂತ ಹೊಳೆದೇ ಇರಲಿಲ್ಲ. ಅರ್ಧ ಜನ ನಗುತ್ತಿದ್ದರು, ಅರ್ಧ ಜನ "ಅಮ್ಮ ಹೊಡೀತಾಳೆ" ಅಂತ ಅಳುತ್ತಿದ್ದರು.

ಆಗ ಮೋಟರ್ ರೂಮಿನ ಹಿಂದಿನಿಂದ ಒಬ್ಬ ಬಂದ. ಕೈಯಲ್ಲಿ ಒಂದು ಡಬ್ಬ, ಹೆಗಲ ಮೇಲೆ ಚಿಂದಿ ಬಟ್ಟೆ. ಅಪ್ಪ.

ವಾರದಿಂದ ದಿನಾ ದೂರು ಬರುತ್ತಿತ್ತಂತೆ. ಮನೆಯಲ್ಲಿ ತುಟಿ ಬಿಚ್ಚದೆ ಅಪ್ಪ ಬಂದು ಒರೆಸಿ ಒರೆಸಿ ಹೋಗುತ್ತಿದ್ದನಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

"ಯಾರ್ರೀ ಇದನ್ನ ಮಾಡಿದ್ದು?" ಮಿಸ್ ಅಪ್ಪನ ಮೇಲೇ ಬಿದ್ದರು. "ಮಕ್ಕಳು ಕೂರೋ ಕುದುರೆಗೆ ಇಂಥ ಬಣ್ಣ ಬಳಿಯೋದಾ? ಬುದ್ಧಿ ಬೇಡವಾ?"

"ತಪ್ಪಾಯ್ತು ಕಣಮ್ಮಾ. ಸ್ಪಿರಿಟ್ ಹಾಕಿ ಒರೆಸಿದ್ರೆ ಹೋಯ್ತದೆ. ಒಸಿ ತಡೀರಿ."

ನಸೀಮಾ ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. "ಅಂಕಲ್, ನೀವು ಸವಿತಾ ಅವರಪ್ಪಾನಾ? ಈ ಕುದುರೆಯೆಲ್ಲ ಅವರಪ್ಪಾನೇ ಮಾಡಿದ್ದಂತೆ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನೂ ನೋಡಿದ. ನನ್ನ ಮುಖ ನೋಡಿದ, ಕೆಂಪಾಗಿದ್ದ ಲಂಗ ನೋಡಿದ. ಆಮೇಲೆ ನಸೀಮಾಗೆ ಹೇಳಿದ:

"ಇಲ್ಲ ಕಣವ್ವ. ಅವ್ರು ದೊಡ್ಡ ಕೆಲಸಗಾರ್ರು, ಇಲ್ಯಾಕೆ ಬಂದಾರು? ನಾನು ಒರೆಸಕ್ಕೆ ಬಂದಿರೋನು."

ನಾನು ನನ್ನ ಶೂ ನೋಡುತ್ತ ನಿಂತೆ. ಒಂದು ಮಾತು, ಒಂದೇ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮಿಸ್ ಇನ್ನೂ ಐದು ನಿಮಿಷ ಬೈದರು, ಅಪ್ಪ "ಊಂ ಕಣಮ್ಮಾ, ಊಂ ಕಣಮ್ಮಾ" ಅನ್ನುತ್ತ ನಿಂತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ನಸೀಮಾ, "ಪಾಪ ಕಣೇ, ಮಾಡಿದೋರು ಯಾರೋ, ಬೈಸ್ಕೊಂಡೋರು ಯಾರೋ" ಅಂದಳು.

ಸಂಜೆ ಮನೆಯಲ್ಲಿ ಅಪ್ಪ ಎಂದಿನ ಹಾಗೇ ಕೇಳಿದ, "ಟ್ರಿಪ್ ಚೆನ್ನಾಗಿತ್ತಾ ಮಗಾ?" ನಾನು ಹೂಂ ಅಂದೆ. ಲಂಗ ಹಿಡಿದು ನನ್ನನ್ನು ಬೈಯುತ್ತಿದ್ದ ಅಮ್ಮನ ಕೈಗೆ ಅಪ್ಪ ಸ್ಪಿರಿಟ್ ಬಾಟಲಿ ಕೊಟ್ಟು ಹೊರಗೆ ಹೋದ.

ಮುಂದಿನ ತಿಂಗಳು ಪಾರ್ಕಿನವರು ಫೈಬರ್ ಕುದುರೆ ತರಿಸಿದರು. ಅಪ್ಪನ ಹನ್ನೆರಡೂ ಲಾರಿಯಲ್ಲಿ ವಾಪಸು ಬಂದವು. ಸ್ವಲ್ಪ ದಿನ ಹಿತ್ತಲಲ್ಲಿ ನಿಂತಿದ್ದವು, ಅಮ್ಮ ಅವುಗಳ ಬೆನ್ನ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದೊಂದಾಗಿ ನೀರೊಲೆಗೆ ಹೋದವು. ಕುದುರೆ ಉರಿದ ದಿನ ಸ್ನಾನದ ನೀರಿಗೆಲ್ಲ ಅರಗಿನ ವಾಸನೆ. ಅಪ್ಪ ಆಮೇಲೆ ಗೇಣಿಗಿಂತ ದೊಡ್ಡದಾದ ಯಾವುದನ್ನೂ ಮಾಡಲಿಲ್ಲ.

ಈಗ ಪಾರ್ಕೂ ಇಲ್ಲ. ಹೊಸ ರಸ್ತೆ ನಮ್ಮೂರು, ರಾಮನಗರ ಎರಡನ್ನೂ ಮುಟ್ಟದೆ ಹಾರಿಹೋಗುತ್ತದೆ, ಹಳೆಯ ದಾರಿಯಲ್ಲಿ ನಿಲ್ಲುವವರು ಕಮ್ಮಿ. ಕೊಳದಲ್ಲಿ ಲಂಟಾನದ ಪೊದೆ ಬೆಳೆದಿದೆ. ಪಾರ್ಕನ್ನು ನೆನೆಯುವವರದ್ದೇ ಒಂದು ಗುಂಪಿದೆ ಮೊಬೈಲಿನಲ್ಲಿ. ಕಳೆದ ತಿಂಗಳು ಅದರಲ್ಲಿ ಯಾರೋ ಗುಂಡು ಕುದುರೆಯ ಮೇಲೆ ಕೂತ ಹಳೆಯ ಫೋಟೋ ಹಾಕಿದ್ದರು. ಕೆಳಗೆ ಒಬ್ಬರ ಮೇಲೊಬ್ಬರು: "ನನ್ನ ಚಡ್ಡಿ ಹಳದಿಯಾಗಿತ್ತು!" "ನಂದು ಹಸಿರು!" "ಆಮೇಲೆ ಬಂದ ಫೈಬರ್ ಕುದುರೆ ನೆನಪೇ ಇಲ್ಲ, ಇದು ಮಾತ್ರ ಮರೆಯಲ್ಲ. ಯಾರಪ್ಪಾ ಮಾಡಿದ್ದು?"

ಅಪ್ಪ ನನ್ನ ಜೊತೆಯಲ್ಲೇ ಇದ್ದಾನೆ. ಕಣ್ಣು ಮಂಜು, ಆದರೆ ಕಿವಿ ಚುರುಕು. ಒಂದೊಂದನ್ನೂ ಓದಿ ಹೇಳಿದೆ. ಬೊಚ್ಚು ಬಾಯಲ್ಲಿ ನಕ್ಕು, "ಅಲ್ಲಾ, ಆ ಚಡ್ಡಿಗಳ ಕಲೆ ಹೋಯ್ತಂತಾ ಕೇಳು" ಅಂದ. ಆ ನಗು ನೋಡಿ ಧೈರ್ಯ ಬಂತು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ.

"ಅಪ್ಪಾ, ಅವತ್ತು ನಾನು ಸುಮ್ನೆ ನಿಂತ್ಬುಟ್ಟೆ."

ಅಪ್ಪ ನನ್ನ ಕಡೆ ತಿರುಗಿದ.

"ಒಳ್ಳೇದೇ ಮಾಡ್ದೆ ಬುಡು ಮಗಾ. ನೀನು 'ನಮ್ಮಪ್ಪ' ಅಂತ ಬಾಯಿ ಬುಟ್ಟಿದ್ರೆ ನಾನು ಅಷ್ಟು ಜನದ ಮುಂದೆ ಅತ್ಬುಡ್ತಿದ್ದೆ."

ಪಾರ್ಕು ಹೋಯಿತು ಅಂತ ಗುಂಪಿನವರೆಲ್ಲ ಮರುಗುತ್ತಾರೆ. ನನಗೂ ಬೇಜಾರಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಳೆದುಕೊಂಡದ್ದು ಅದನ್ನಲ್ಲ. ಅಪ್ಪ ಅತ್ತರೆ ಅಳಲಿ ಅಂತ ಅವತ್ತು ನಾನು ಹೋಗಿ ಅವನ ಕೈ ಹಿಡಿದುಕೊಳ್ಳಬೇಕಿತ್ತು.