ಹರಾಜಿನಲ್ಲಿ ಕೊಂಡ ಹಿತ್ತಾಳೆ ಕಂಬಗಳು

ಹರಾಜಿನಲ್ಲಿ ಕೊಂಡ ಹಿತ್ತಾಳೆಯ ಮೇಣದಬತ್ತಿ ಕಂಬಗಳನ್ನು ಚೀಲಕ್ಕೆ ಹಾಕುತ್ತಿದ್ದಾಗ ಮುದುಕಿಯೊಬ್ಬಳು ನನ್ನ ಕೈ ಹಿಡಿದಳು. ಎಪ್ಪತ್ತರ ದಶಕದ ಆರಂಭ. ಏರ್ಕಾಡಿನ ಕಾಫಿ ತೋಟದ ಬಂಗಲೆ. ಆಕೆ ಅಲ್ಲಿನ ಕೆಲಸದಾಕೆ, ಕನ್ನಡದವಳು.

“ವಾರವಾರ ಹುಣಸೆಹಣ್ಣಾಕಿ ಉಜ್ಜಿದೀನಿ ಸಾಮಿ. ಹಚ್ಚಿದ್ದು ಒಂದ್ಸಲಾನೂ ನೋಡಿಲ್ಲ. ಕತ್ಲಾಗಕ್ ಮುಂಚೆ ದೊರೆಗೋಳು ನಮ್ಮನ್ನ ಕೂಲಿಗೋಳ ಲೈನ್‌ಮನೆಗೆ ಕಳಿಸ್‌ಬುಡೋರು.”

ಕಂಬಗಳಲ್ಲಿ ಉಳಿದಿದ್ದ ಮೋಟು ಬತ್ತಿಗಳನ್ನು ಅಲ್ಲೇ ಹಚ್ಚಿದೆ. ಅವಳು ಮೆಟ್ಟಿಲ ಮೇಲೆ ಕುಳಿತು ಕಣ್ತುಂಬ ನೋಡಿದಳು. ಅಷ್ಟರಲ್ಲಿ ಸೇಲಂ ಬಸ್ಸಿನ ಹಾರ್ನ್ ಕೇಳಿಸಿತು. ಬತ್ತಿ ಆರಿಸಲು ಬಾಗಿದೆ.

“ಅಯ್ಯೋ, ಊದ್‌ಬ್ಯಾಡಿ! ದೀಪ ಯಾರಾನಾ ಊದ್ತಾರಾ?” ಎಂದು ಗದರಿದಳು.

ಎಂದೂ ಬಸ್ಸು ತಪ್ಪಿಸಿಕೊಳ್ಳದ ನಾನು, ಅಂದು ಅವು ತಾವಾಗಿ ಆರುವವರೆಗೆ ಅವಳ ಪಕ್ಕದಲ್ಲೇ ಕುಳಿತಿದ್ದೆ. ನಮ್ಮ ಮನೆಯಲ್ಲಿ ಈಗಲೂ ಆ ಕಂಬಗಳನ್ನು ಉಜ್ಜಿದವರೇ ಹಚ್ಚುತ್ತಾರೆ.