ಎಂಟು ವ್ಯಾಟಿಗೆ ಒಪ್ಪುವ ಸ್ಪೀಕರು

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ವರ್ಷ ನಾನು ಒಂದು ವಾಲ್ವ್ ಆಂಪ್ಲಿಫೈಯರ್ ಕೊಂಡೆ. ನೆತ್ತಿಯ ಮೇಲೆ ಗಾಜಿನ ವಾಲ್ವುಗಳು ನಿಂತು ಮಂದವಾಗಿ ಬೆಳಗುವ, ಎತ್ತಲು ಇಬ್ಬರು ಬೇಕಾಗುವ ಪೆಟ್ಟಿಗೆ ಅದು. ಅಷ್ಟು ತೂಕವಿದ್ದರೂ ಒಂದೊಂದು ಸ್ಪೀಕರಿಗೆ ಅದು ಕೊಡುವುದು ಎಂಟೇ ವ್ಯಾಟ್. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಹೆಂಡತಿ ಅದರ ಕಾಗದ ಓದಿ, "ನಮ್ಮ ಫ್ರಿಜ್ಜಿನ ಒಳಗಿನ ಬಲ್ಬಿಗೂ ಇದಕ್ಕಿಂತ ಜಾಸ್ತಿ ವ್ಯಾಟ್ ಅದಾವಲ್ರಿ" ಎಂದಳು.

ನಾವು ಧಾರವಾಡದ ಕಡೆಯವರು. ವರ್ಗವಾಗಿ ನಾಗಪುರಕ್ಕೆ ಬಂದು ಇಲ್ಲೇ ಫ್ಲ್ಯಾಟ್ ಮಾಡಿಕೊಂಡು ಉಳಿದವರು. ಮನೆಯಲ್ಲಿ ಹಳೆಯ ಸ್ಪೀಕರ್ ಜೋಡಿಯೊಂದಿತ್ತು. ಹೊಸ ಆಂಪ್ಲಿಫೈಯರಿಗೆ ಅದನ್ನು ಜೋಡಿಸಿದ ಮೊದಲ ದಿನವೇ ಒಂದರಲ್ಲಿ ದನಿ ಹೊರಡಿಸುವ ಕಾಗದದ ಕೋನಿನ ಸುತ್ತಲಿನ ಸ್ಪಂಜು ಪುಡಿಪುಡಿಯಾಗಿ ಉದುರಿತು. ರಿಪೇರಿಗೆ ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಒಂದೇ ಜಾಗ: ಹಳೇ ಪೇಟೆ ಮಹಾಲ್‌ನ ಒಂದು ಗಲ್ಲಿ, ಅಲ್ಲಿನ ಹಳೆಯ ವಾಡೆಯ, ಅಂದರೆ ದೊಡ್ಡಮನೆಯ, ಮುಂದಿನ ಕೋಣೆ.

ಸ್ಕೂಟರು ದಾರಿಯಲ್ಲೇ ಬಿಟ್ಟು ಸ್ಪೀಕರನ್ನು ಅವುಚಿಕೊಂಡು ಒಳಗೆ ಹೋದೆ. ಗೋಡೆಯುದ್ದಕ್ಕೂ ಕಟ್ಟಿದ ಹಗ್ಗಕ್ಕೆ ಕಾಗದದ ಕೋನುಗಳು ತೂಗುತ್ತಿದ್ದವು. ನೆಲದ ಮೇಲೆ ಮೆರವಣಿಗೆಯ ಬ್ಯಾಂಡಿನವರ ದೊಡ್ಡ ದೊಡ್ಡ ಸ್ಪೀಕರುಗಳು ಬಾಯಿ ತೆರೆದು ಮಲಗಿದ್ದವು. ಅವುಗಳ ನಡುವೆ ಅರವತ್ತು ದಾಟಿದ ಹೆಂಗಸೊಬ್ಬರು ಮಣೆಯ ಮೇಲೆ ಕೂತು ಕೋನಿಗೆ ಅಂಟು ಸವರುತ್ತಿದ್ದರು. ನಾನು ಮರಾಠಿಯಲ್ಲಿ ಮಾತು ಶುರುಮಾಡುವಷ್ಟರಲ್ಲಿ ಹೆಂಡತಿಯ ಫೋನು ಬಂತು. "ಮಹಾಲದಾಗ ಅದೀನಿ, ಜಲ್ದಿ ಬರ್ತೀನಿ" ಎಂದೆ. ಆ ಹೆಂಗಸು ಕೈ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದರು.

"ಯಾವೂರವರ್ರಿ ನೀವು?"

ಅವರ ತವರು ಸೊಲ್ಲಾಪುರ. ಮನೆಮಾತು ಕನ್ನಡ. ಮದುವೆಯಾಗಿ ಈ ಗಲ್ಲಿಗೆ ಬಂದು ನಲವತ್ತು ವರ್ಷವಾಗಿತ್ತು. ಗಂಡ ಕಲಿಸಿದ ಕೆಲಸವನ್ನು ಗಂಡ ತೀರಿಕೊಂಡ ಮೇಲೂ ಒಬ್ಬರೇ ನಡೆಸಿಕೊಂಡು ಬಂದಿದ್ದರು. ಇಷ್ಟೆಲ್ಲ ಹೇಳುತ್ತಲೇ ನನ್ನ ಸ್ಪೀಕರಿನ ಕೋನಿನ ಮೇಲೆ ಐದೂ ಬೆರಳು ಇಟ್ಟು ಮೆಲ್ಲಗೆ ಒತ್ತಿದರು, ಕಿವಿ ಹತ್ತಿರ ತಂದರು.

"ಒಳಗ ಕಾಯಿಲ್ ತಿಕ್ಕಾಕತ್ತೈತಿ. ಇರ್ಲಿ. ಇದಕ್ಕ ಜೋಡಿ ಆಂಪ್ಲಿಫೈಯರ್ ಯಾವ್ದೈತಿ?"

ಹೇಳಿದೆ. ಅವರು ಸ್ಪೀಕರನ್ನು ನನ್ನ ಕಡೆಗೇ ಸರಿಸಿದರು.

"ಹಂಗಾದ್ರ ಇದನ್ನ ರಿಪೇರಿ ಮಾಡೂದು ಬ್ಯಾಡ್ರಿ. ನಾ ಮಾಡಿಕೊಟ್ರೂ ನಿಮಗ ಸಮಾಧಾನ ಆಗಂಗಿಲ್ಲ. ಎಂಟು ವ್ಯಾಟಿಗೆ ಇದು ಏಳಂಗಿಲ್ಲ. ಸಣ್ಣ ಕರೆಂಟಿಗೆ ದೊಡ್ಡ ದನಿ ಕೊಡೋ ಸ್ಪೀಕರ್ ಹುಡುಕ್ರಿ."

ಕೈಗೆ ಬಂದ ಕೆಲಸವನ್ನು ಹೀಗೆ ವಾಪಸು ಕಳಿಸುವ ಅಂಗಡಿಯನ್ನು ನಾನು ನೋಡಿರಲಿಲ್ಲ. ಆದರೂ ಅವರ ಮಾತನ್ನು ಅರ್ಧವೇ ಕೇಳಿದೆ. ಹೊಸ ಸ್ಪೀಕರ್ ಬೇಕು ಎಂಬುದನ್ನು ಕಿವಿಗೆ ಹಾಕಿಕೊಂಡೆ. ಎಂಥದು ಎಂಬುದನ್ನು ಬಿಟ್ಟೆ. ಧರಂಪೇಠ್ ಕಡೆಯ ದುಬಾರಿ ಸಾಮಾನಿನ ಶೋರೂಮಿಗೆ ಹೋಗಿ, ಎದೆಯೆತ್ತರದ, ಕನ್ನಡಿಯಂತೆ ಮಿಂಚುವ ಎರಡು ಕಂಬಗಳಿಗೆ ಮನಸೋತೆ. ಅಲ್ಲಿ ಅವು ಮಳೆಗಾಲದ ಗುಡುಗನ್ನೇ ನುಡಿಸುತ್ತಿದ್ದವು. ಮಾಲೀಕ ಸಜ್ಜನ. "ಅಂಕಲ್, ಘರ್ ಲೇ ಜಾಯಿಯೇ," ಮನೆಗೆ ಒಯ್ದು ಒಂದು ವಾರ ಕೇಳಿ ನೋಡಿ, ಎಂದು ಕಳಿಸಿಕೊಟ್ಟ.

ಮನೆಯಲ್ಲಿ ಅವು ಮಂಕಾದವು. ಹಾಡುವವರು ಬಾಯಿಗೆ ಸೆರಗು ಅಡ್ಡ ಹಿಡಿದಂತೆ ಕೇಳುತ್ತಿತ್ತು. ದನಿ ಏರಿಸಿದರೆ ತಬಲಾದ ಪೆಟ್ಟು ಬಟ್ಟೆ ಹರಿದಂತೆ ಸೀಳುತ್ತಿತ್ತು. ಎಡಗೈಯ ಡಗ್ಗಾದ ದಪ್ಪ ನಾದವಂತೂ ಪೆಟ್ಟು ಮುಗಿದ ಮೇಲೂ ಕೋಣೆಯ ಮೂಲೆಯಲ್ಲಿ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಮೂರು ದಿನ ಸಹಿಸಿದೆ. ನಾಲ್ಕನೆಯ ದಿನ ಹೆಂಡತಿಯೇ ಹೇಳಿದಳು: "ಆ ಸೊಲ್ಲಾಪುರದ ಅಕ್ಕಾರನ್ನ ಕರಕೊಂಡು ಬರ್ರಿ. ಆಯಿತವಾರ ಉಪ್ಪಿಟ್ಟು ಮಾಡ್ತೀನಿ."

ಭಾನುವಾರ ಬೆಳಿಗ್ಗೆ ಅವರು ಬಂದರು. ಒಳಗೆ ಕಾಲಿಟ್ಟವರು ಸ್ಪೀಕರಿನ ಕಡೆ ನೋಡಲೇ ಇಲ್ಲ. "ಮೊದಲ ಆ ಕೂಲರ್ ಬಂದ್ ಮಾಡ್ರಿ" ಎಂದರು. ಏಪ್ರಿಲ್ ತಿಂಗಳ ನಾಗಪುರದಲ್ಲಿ ಕೂಲರ್ ನಿಲ್ಲಿಸುವುದೆಂದರೆ ಒಲೆಯೊಳಗೆ ಕೂತ ಹಾಗೆ. ನಿಲ್ಲಿಸಿದೆವು. ಕೋಣೆಯ ನಡುವೆ ನಿಂತು ಅವರು ಒಂದು ಚಪ್ಪಾಳೆ ತಟ್ಟಿದರು. ಎರಡು ಹೆಜ್ಜೆ ಸರಿದು ಮತ್ತೊಂದು. ಗೋಡೆಗಳ ನಡುವೆ ಆ ಸದ್ದು ಚಿಟಚಿಟ ಎಂದು ಓಡಾಡಿದ್ದನ್ನು, ಹನ್ನೆರಡು ವರ್ಷ ಆ ಕೋಣೆಯಲ್ಲಿ ಬದುಕಿದ ನಾನು ಅಂದು ಮೊದಲ ಸಲ ಕೇಳಿಸಿಕೊಂಡೆ.

"ಚೌಕ ಖೋಲಿ, ಬರೀ ಗೋಡಿ, ಬರೀ ಫರಸಿ ನೆಲ," ಎಂದರು. "ಉದ್ದಗಲ ಎರಡೂ ಬರೋಬರ್ ಇದ್ರ ಒಂದ ಸ್ವರ ಎರಡೂ ಕಡೆಯಿಂದ ಉಬ್ಬತೈತಿ. ತಪ್ಪು ಬರೇ ಸ್ಪೀಕರಿಂದಲ್ರಿ."

ಆಮೇಲೆ ಅವರು ಮಾಡಿದ್ದನ್ನು ಈಗಲೂ ನೆನೆದು ಬೆರಗಾಗುತ್ತೇನೆ. ನಾನು ಕೂರುವ ಕುರ್ಚಿಯನ್ನು ತೆಗೆಸಿ ಅಲ್ಲಿ ಒಂದು ಸ್ಪೀಕರನ್ನು ನಿಲ್ಲಿಸಿದರು. ಬರೀ ತಬಲಾ ಇರುವ ಒಂದು ರೆಕಾರ್ಡು ಹಾಕಿಸಿದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಎದುರಿನ ಗೋಡೆಯ ಬದಿಗೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಗೇಣು ಸರಿಯುತ್ತ, ಕಣ್ಣು ಮುಚ್ಚಿ ಕೇಳತೊಡಗಿದರು. "ಇಲ್ಲೆ ಗುಮ್ಮಂತೈತಿ... ಇಲ್ಲೂ... ಹಾಂ, ಇಲ್ಲೆ ಸ್ವಚ್ಛ." ಎಲ್ಲಿ ಡಗ್ಗಾದ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಹೆಂಡತಿಯಿಂದ ಶಾಲೆಯ ಸೀಮೆಸುಣ್ಣ ಇಸಿದುಕೊಂಡು ಗುರುತು ಹಾಕಿದರು. "ನೀವು ಕೂತಲ್ಲಿ ಸ್ಪೀಕರ್ ಇಟ್ಟು, ಸ್ಪೀಕರ್ ಇಡೋ ಜಾಗ ಹುಡುಕ್ಬೇಕು. ಉಲ್ಟಾ ಲೆಕ್ಕ" ಎಂದರು. ನಾನೂ ಅವರ ಪಕ್ಕ ಕುಕ್ಕರಿಸಿ ಕೇಳಿದೆ. ಒಂದು ಮೊಳ ಈಚೆಗೆ ಬಂದರೆ ಗುಂಯ್ ಎನ್ನುವ ಮೂಲೆ, ಒಂದು ಮೊಳ ಆಚೆಗೆ ಹೋದರೆ ಶುದ್ಧ ಚರ್ಮದ ನಾದ. ಇಷ್ಟು ಹತ್ತಿರದಲ್ಲಿ ಇಷ್ಟು ವ್ಯತ್ಯಾಸವಿದೆ ಎಂದು ಯಾವ ಆಡಿಯೋ ಪತ್ರಿಕೆ ಓದಿಯೂ ನನಗೆ ತಿಳಿದಿರಲಿಲ್ಲ.

ಉಪ್ಪಿಟ್ಟು ತಿನ್ನುತ್ತ ಅವರು ಮುಂದಿನ ಕೆಲಸ ಹೇಳಿದರು. "ಅಂಗಡ್ಯಾಗಿನ ಆಂಪ್ಲಿಫೈಯರ್ ಮ್ಯಾಲ ಕೇಳಿ ಆರಿಸಬ್ಯಾಡ್ರಿ. ಅದು ಎರಡು ನೂರು ವ್ಯಾಟಿಂದು, ಯಾವುದನ್ನ ಬೇಕಾದ್ರೂ ಕುಣಸ್ತೈತಿ. ನಿಮ್ಮದನ್ನ ಹೊತ್ಕೊಂಡು ಹೋಗೂಣು."

ಮರುದಿನ ಬೆಳಿಗ್ಗೆ ಶೋರೂಮಿನ ಹುಡುಗರು ಬಂದು ಕಂಬಗಳನ್ನು ವಾಪಸು ಒಯ್ದರು; ಹಿಂದೆಯೇ ನಾನೂ ಅವರೂ ಆಟೋದಲ್ಲಿ ಹೋದೆವು. ಪೆಟ್ಟಿಗೆ ನನ್ನ ಕಾಲ ಬಳಿ. ಬಿಚ್ಚಿದ ವಾಲ್ವುಗಳನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ಹಿಡಿದಂತೆ ಅವರು ಮಡಿಲಲ್ಲಿ ಇಟ್ಟುಕೊಂಡಿದ್ದರು. ಪ್ರತಿ ಸ್ಪೀಡ್ ಬ್ರೇಕರಿಗೂ "ಹಳೂ ರೇ ಬಾಬಾ!" ಎಂದು, ಮೆಲ್ಲಗೆ ಓಡಿಸುವಂತೆ, ಆಟೋದವನಿಗೆ ಮರಾಠಿಯಲ್ಲಿ ಕೂಗುತ್ತಿದ್ದರು.

ಶೋರೂಮಿನ ಮಾಲೀಕ ಮೊದಲು ನಕ್ಕ. ಅವನಿಗೆ ಕಂಡದ್ದು ಅವರ ಅಂಟಿನ ಕಲೆಯ ಬೆರಳುಗಳು, ಸಾದಾ ನೂಲಿನ ಸೀರೆ. ಅವರು ಒಂದೊಂದು ಸ್ಪೀಕರಿನ ಹಿಂದೆ ಬಗ್ಗಿ ಅಲ್ಲಿ ಅಚ್ಚಾದ ಅಂಕಿ ಓದುತ್ತ ಹೋದಾಗ ಅವನ ನಗು ನಿಂತಿತು. ಮಿಂಚುವ ಕಂಬಗಳ ಅಂಕಿ ತೋರಿಸಿ ನನಗೆ ಹೇಳಿದರು: "ನಾಕು ಓಮ್ ಬರದಾರ, ಆದ್ರ ದಪ್ಪ ಸ್ವರಕ್ಕ ಇನ್ನೂ ಕೆಳಗ ಇಳೀತೈತಿ. ಓಮ್ ಇಳಿದಷ್ಟು ಕರೆಂಟು ಜಾಸ್ತಿ ಎಳೀತೈತಿ. ಅಷ್ಟು ಕರೆಂಟು ನಿಮ್ಮ ವಾಲ್ವ್ ಎಲ್ಲಿಂದ ತರಬೇಕ್ರಿ?"

ನನ್ನ ಕಣ್ಣು ಮೂಲೆಯಲ್ಲಿದ್ದ ಇನ್ನೊಂದು ಜೋಡಿಯ ಮೇಲೆ ಬಿತ್ತು. ಆಳೆತ್ತರದ, ಮರದ ಕಹಳೆಯಂಥವು. ನನ್ನ ಎಂಟು ವ್ಯಾಟಿಗೆ ಅವು ಸಭಾಂಗಣದಷ್ಟು ದನಿ ಕೊಟ್ಟವು. ನಾನು ಎದ್ದು ನಿಂತೇಬಿಟ್ಟೆ. ಅವರು ತಲೆ ಅಲ್ಲಾಡಿಸಿದರು.

"ಆಂಪ್ಲಿಫೈಯರಿಗೆ ಒಪ್ಪತೈತಿ, ಮನಿಗೆ ಒಪ್ಪಂಗಿಲ್ಲ. ಮ್ಯಾಲಿನ ದನಿ, ಕೆಳಗಿನ ದನಿ ಕೂಡಾಕ ಇದಕ್ಕ ದೂರ ಬೇಕು. ನಿಮ್ಮ ಖೋಲ್ಯಾಗ ಎದಿ ಮ್ಯಾಲ ಕೂತಂಗ ಆಗ್ತೈತಿ."

ಕೊನೆಗೆ ಅವರು ಕೈ ತೋರಿಸಿದ್ದು ಬಾಗಿಲ ಹಿಂದೆ ನಿಂತಿದ್ದ ಒಂದು ಜೋಡಿಯನ್ನು. ಅಗಲ ಮುಖ, ಸೊಂಟದೆತ್ತರ, ಅಡುಗೆಮನೆಯ ಬೀರುವಿನಂಥ ಸರಳ ಮರದ ಪೆಟ್ಟಿಗೆ. ಎಂಟು ಓಮ್, ಕಡಿಮೆ ಕರೆಂಟಿಗೇ ಏಳುವ ಹಗುರ ಕಾಗದದ ಕೋನು. ಯಾರೂ ಕೇಳುವುದಿಲ್ಲವೆಂದು ಮಾಲೀಕ ಅದನ್ನು ಹಿಂದೆ ಸರಿಸಿದ್ದನಂತೆ. ಜೋಡಿಸಿ ಬೆಳಗಿನ ರಾಗವೊಂದರ ಆಲಾಪ ಹಾಕಿದಾಗ, ಗಾಯಕಿ ಮೊದಲ ಷಡ್ಜ ಹಿಡಿಯುವ ಮುಂಚೆ ಎಳೆದುಕೊಂಡ ಉಸಿರು ಕೇಳಿಸಿತು. ಮಾಲೀಕ ಫೋನು ಕೆಳಗಿಟ್ಟ.

ಆ ಪೆಟ್ಟಿಗೆಗಳು ಮನೆಗೆ ಬಂದ ದಿನ ಅವರೂ ಬಂದರು. ಸೀಮೆಸುಣ್ಣದ ಗುರುತಿನ ಮೇಲೆ ನಿಲ್ಲಿಸಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹೆಂಡತಿಯ ಕೈಯಲ್ಲಿ ಕನ್ನಡಿ ಕೊಟ್ಟು ಪಕ್ಕದ ಗೋಡೆಯ ಮೇಲೆ ಸರಿಸಿಕೊಂಡು ಹೋಗಲು ಹೇಳಿದರು. ಕೂತಲ್ಲಿಂದ ಕನ್ನಡಿಯಲ್ಲಿ ನನಗೆ ಸ್ಪೀಕರು ಕಂಡ ಜಾಗದಲ್ಲೇ ದನಿ ಬಡಿದು ವಾಪಸಾಗುತ್ತದಂತೆ. ಒಂದು ಕಡೆ ಆ ಜಾಗಕ್ಕೆ ಪುಸ್ತಕದ ಕಪಾಟು ಬಂತು, ಇನ್ನೊಂದು ಕಡೆಗೆ ದಪ್ಪ ಪರದೆ. ನೆಲಕ್ಕೆ ನನ್ನತ್ತೆ ಕೊಟ್ಟ ನವಲಗುಂದದ ಜಮಖಾನೆ ಹಾಸಿದೆವು.

ನಾನು ಕಣ್ಣು ಮುಚ್ಚಿ ಕೇಳಲು ತಯಾರಾದೆ. ಅವರು ಮಾತ್ರ ಹೆಂಡತಿಯ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದರು.

"ಇಲ್ಲೆ ನಿಂತು ಕೇಳ್ ತಂಗಿ. ಪರೀಕ್ಷಾ ಇಲ್ಲೆ."

ಸ್ವಲ್ಪ ಹೊತ್ತಿಗೆ ಹೆಂಡತಿಯ ದನಿ ಬಂತು. "ಹೊರಗ ಯಾರೋ ಬಂದು ಕೂತು ಹಾಡಾಕತ್ತಾರ ಅನಸ್ತೈತಿ. ಖರೇನ ಮನುಷ್ಯಾರು ಇದ್ದಂಗ."

"ಹಂಗಂದ್ರ ಕೆಲಸ ಮುಗೀತು" ಎಂದರು ಅವರು. ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದೆ. ಕುಕ್ಕರಿನ ಪಕ್ಕ ಇಬ್ಬರೂ ಹೆಂಗಸರು ಹಾಡಿಗೆ ಕಿವಿಗೊಟ್ಟು ನಿಂತಿದ್ದರು. ನನ್ನ ಹೆಂಡತಿಯ ಕಣ್ಣಲ್ಲಿ ನೀರಿತ್ತು. ಸಂಗೀತವೆಂದರೆ ಅಷ್ಟಕ್ಕಷ್ಟೇ ಎನ್ನುತ್ತಿದ್ದವಳು ಅವಳು.

ಅವರನ್ನು ಸ್ಕೂಟರಿನಲ್ಲಿ ಮಹಾಲ್‌ಗೆ ಬಿಡಲು ಹೋಗುವಾಗ ಕೇಳಿದೆ, "ಅಕ್ಕಾರ, ನಿಮ್ಮ ಮನ್ಯಾಗ ಯಾವ ಸ್ಪೀಕರ್ ಇಟ್ಟೀರಿ?"

"ನಮ್ಮ ಮನ್ಯಾಗ ರೇಡಿಯೋನೂ ಇಲ್ರಿ" ಎಂದು ನಕ್ಕರು. "ದಿನಾ ಮಂದಿ ದನಿ ರಿಪೇರಿ ಮಾಡಿ ಮಾಡಿ, ಸಂಜಿಗೆ ಸುಮ್ಕ ಕೂಡೋದ ಛಂದ ಅನಸ್ತೈತಿ."

ಈಗ ಆ ಶೋರೂಮಿನ ಮಾಲೀಕ ದೊಡ್ಡ ಗಿರಾಕಿ ಬಂದಾಗಲೆಲ್ಲ ಮೊದಲು ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಗಿರಾಕಿಯ ಮನೆ ತೋರಿಸುತ್ತಾನೆ. ಹೇಗೆ ನಡೆಯುತ್ತಿದೆ ಎಂದು ಮೊನ್ನೆ ಮಹಾಲ್‌ಗೆ ಹೋದಾಗ ಅವರನ್ನು ಕೇಳಿದೆ. ಸಿವಿಲ್ ಲೈನ್ಸಿನ ಬಂಗಲೆಯೊಂದಕ್ಕೆ ಹೋಗಿದ್ದರಂತೆ. ಚಪ್ಪಾಳೆ ತಟ್ಟಿ ನೋಡಿ, "ಇಷ್ಟು ಛಲೋ ಖೋಲಿ, ಸಣ್ಣ ಸ್ಪೀಕರ್ ಸಾಕು" ಎಂದು ಹೇಳಿ ಬಂದರಂತೆ. ಮಾಲೀಕನ ಮುಖ ಸಣ್ಣದಾಯಿತೇನು ಎಂದೆ.

"ಆತ್ರಿ," ಎಂದರು, ಬ್ರಷ್ಷಿನ ಅಂಟು ಒರೆಸುತ್ತ. "ಆದ್ರೂ ನಾಳಿ ಮತ್ತ ಕರದಾನ."