ಬುರ್ಗಿಯ ಬಾಯಲ್ಲಿ ಬಂದ ಬಹುವಚನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಾವ್‌ಕೊಫೆಲ್ ಶಿಖರದ ಪಡುವಣ ಏಣಿನ, ಅಂದರೆ ಕತ್ತಿಯಂಚಿನಂಥ ಬಂಡೆಸಾಲಿನ, ಮೇಲೆ ನೋತ್‌ಬುರ್ಗಾ, ಊರವರ ಬಾಯಲ್ಲಿ ಬುರ್ಗಿ, ಬಂಡೆಗೆ ನೆಟ್ಟ ಕಬ್ಬಿಣದ ಗೂಟವನ್ನು ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಾರೆ. ಠಣ್ ಎಂದರೆ ಗಟ್ಟಿ. ಟೊಪ್ ಎಂದರೆ ಮುಗೀತು. ಎರಡೂ ಕಡೆ ಪ್ರಪಾತ.

ಈ ಶಿಖರವನ್ನು ಮೊದಲು ಏರಿದವರು ಊರಿನ ಪಾದ್ರಿ, ಮತ್ತು ಅವರನ್ನು ಬೈಯುತ್ತಲೇ ಹಿಂದೆ ಬಂದ ಒಬ್ಬ ಬೇಟೆಗಾರ. ಅವರು ಹತ್ತಿದ್ದು ಬಡಗಣ ಹಿಮದ ಮೇಲೆ. ಆ ಹಿಮ ಈಗೆಲ್ಲಿದೆ? ಕರಗಿ ಬರೀ ಜಲ್ಲಿ ಉಳಿದಿದೆ. ಹತ್ತುವವರಿಗೆಲ್ಲ ಈ ಏಣೇ ಗತಿ, ಬುರ್ಗಿಯ ಅಜ್ಜ ಹೊಡೆದ ಗೂಟಗಳೇ ಆಸರೆ. ಬಂಡೆಗಳನ್ನು ಒಳಗಿಂದ ಹಿಡಿದಿದ್ದ ಮಂಜುಗಡ್ಡೆಯೂ ಈಗ ಸಡಿಲಾಗುತ್ತಿದೆ. ಬೇಸಿಗೆಗೆ ದಾರಿ ತೆರೆಯಬಹುದೋ ಬೇಡವೋ, ಹೇಳಬೇಕಾದವರು ಅಜ್ಜನ ಕೆಲಸ ಹಿಡಿದ ಬುರ್ಗಿ. ತಪ್ಪು ಹೇಳಿದರೆ ಯಾರದೋ ಜೀವ ಹೋಗುತ್ತದೆ.

"ಭಯ ಆಗಲ್ವಾ ಅಂತಾರೆ. ಆಗತ್ತಪ್ಪಾ! ಹತ್ತೋಕೆ ಒಂದು ವಾರ ಮುಂಚೆಯಿಂದ್ಲೇ ಹಗ್ಗ ತೆಗೆದು ತೆಗೆದು ನೋಡ್ತಿರ್ತೀನಿ," ಎನ್ನುತ್ತಾರೆ ಬುರ್ಗಿ.

ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಕಸ್ಸಿಯಾನ್, ಬುರ್ಗಿಗೆ ಅಕ್ಷರ ಕಲಿಸಿದ ನಿವೃತ್ತ ಮೇಷ್ಟ್ರು. ಊರಲ್ಲಿ 'ನೀವು, ಮೇಷ್ಟ್ರೇ'. ಮರ ಬೆಳೆಯುವ ಎತ್ತರ ದಾಟಿದ ಮೇಲೆ ಇಲ್ಲಿ ಎಲ್ಲರಿಗೂ ಏಕವಚನವೇ. ಒಂದೇ ಹಗ್ಗಕ್ಕೆ ಜೀವ ಕಟ್ಟಿಕೊಂಡವರಿಗೆ ಎಂಥ ಬಹುವಚನ!

"ಏಯ್ ಕಸ್ಸಿಯಾನ್, ನಿದ್ದೆ ಹೊಡೀತಿದ್ದೀಯೇನೋ?"

"ನಿನ್ನ ಮಗ್ಗಿ ಕೇಳಿ ಕೇಳಿ ಬಂದ ನಿದ್ದೆ ಕಣೇ ಇದು. ಸುಮ್ನೆ ಬಡಿ!"

ಬುರ್ಗಿ ನಗುತ್ತ ಮುಂದಿನ ಗೂಟಕ್ಕೆ ಬಡಿಯುತ್ತಾರೆ. ಟೊಪ್. ಮೇಷ್ಟ್ರು ಕೂತ ಬಂಡೆಯ ಬುಡದಿಂದ ಸಣ್ಣಗೆ ಮರಳು ಉದುರುತ್ತದೆ. ಬುರ್ಗಿಯ ನಗು ಅಲ್ಲೇ ನಿಲ್ಲುತ್ತದೆ.

"ಮೇಷ್ಟ್ರೇ... ನೀವು ಸ್ವಲ್ಪ ಈ ಕಡೆ ಬರ್ತೀರಾ?"

ಮೇಷ್ಟ್ರ ಮುಖ ಬಿಳಿಚಿಕೊಳ್ಳುತ್ತದೆ. ಏನು, ಯಾಕೆ ಎನ್ನದೆ ತೆವಳಿ ಬರುತ್ತಾರೆ. ಅವರ ಕಾಲು ಈಚೆ ಬಂದಿದ್ದೇ ತಡ, ಕೂತಿದ್ದ ಬಂಡೆ ಕಳಚಿ ಹೋಗುತ್ತದೆ. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಸದ್ದು ಬರುತ್ತದೆ.

"ಬಂಡೆ ಬೀಳತ್ತೆ ಅಂದಿದ್ರೆ ಎಲ್ಲಿ ಅಂತ ತಿರುಗಿ ನೋಡ್ತಿದ್ದೆ," ಎನ್ನುತ್ತಾರೆ ಮೇಷ್ಟ್ರು ಆಮೇಲೆ, ಕೇಳಿದವರಿಗೆ. "ಅಷ್ಟು ಮೇಲೆ 'ನೀವು' ಅಂದ್ಳಲ್ಲ, ಎದೆ ಧಸಕ್ಕಂತು."

"ಬೇಕು ಅಂತ ಅನ್ಲಿಲ್ಲ," ಬುರ್ಗಿಗೆ ಸಂಕೋಚ. "ಹೆದರಿಕೆಗೆ ಬಾಯಿಗೆ ಬಂದ್ಬಿಡ್ತು."

ಇಳಿದು ಬಂದವರೇ ದಾರಿಯ ಬುಡದಲ್ಲಿ ಅಡ್ಡ ಹಲಗೆ ಹೊಡೆಯುತ್ತಾರೆ. ಈ ಬೇಸಿಗೆ ಏಣು ಬಂದ್. ಚಾರಣಿಗರನ್ನೇ ನಂಬಿ ಬದುಕುವ ವಸತಿಗೃಹದ ಯಜಮಾನಿ ಆಫ್ರಾ ಬಾಗಿಲಲ್ಲೇ ನಿಂತು ಕೂಗುತ್ತಾಳೆ: "ನಮ್ಮ ಹೊಟ್ಟೆ ಮೇಲೆ ಹೊಡೆದ್ಯಲ್ಲೇ, ಪುಕ್ಕಲಿ!"

ಬುರ್ಗಿ ಕೊನೆಯ ಮೊಳೆ ಬಡಿದು ಬೆವರು ಒರೆಸಿಕೊಳ್ಳುತ್ತಾರೆ.

"ಬೈಲಿ ಬಿಡಿ, ಮೇಷ್ಟ್ರೇ. ಬೈಯೋಕೆ ಎಲ್ರೂ ಉಳಿದಿದ್ದಾರಲ್ಲ, ನಂಗಷ್ಟೇ ಸಾಕು."